ಪಕ್ಕದ ಸೆಕ್ಟರ್ ಜೊತೆ ಎಲ್ಲೋ ತಾಳ ತಪ್ಪಿದೆ ಅನಿಸಿದಾಗ: ಹೊಸ ಕಂಟ್ರೋಲರ್‌ಗಳಿಗೆ ದೋಷ ಹುಡುಕುವ ದಾರಿ

ಬೆಂಗಳೂರಿನ ನೆತ್ತಿಯ ಮೇಲೆ 35,000 ಅಡಿ ಎತ್ತರದಲ್ಲಿ ದಾಟಿ ಹೋಗುವ ವಿಮಾನದ ಪೈಲಟ್ ಆ ಹೊತ್ತಿಗೆ ಮಾತಾಡುತ್ತಿರುವುದು ಬೆಂಗಳೂರಿನವರ ಜೊತೆ ಅಲ್ಲ, ಚೆನ್ನೈನಲ್ಲಿ ಕೂತ ಕಂಟ್ರೋಲರ್ ಜೊತೆ, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ, ಎತ್ತರ ಹೇಳುವವರ ಜೊತೆ. ನಮ್ಮ ಮನೆಯವರಿಗೇ ಇದನ್ನು ನಂಬಿಸೋಕೆ ನನಗೆ ಸಮಯ ಹಿಡಿಯಿತು. ಆಕಾಶವನ್ನು ಹೊಲದ ಹಾಗೆ ತುಂಡು ಮಾಡಿ ಹಂಚಿದ್ದಾರೆ. ಒಂದೊಂದು ತುಂಡು ಒಂದೊಂದು ಸೆಕ್ಟರ್. ಪ್ರತಿ ಸೆಕ್ಟರ್‌ಗೆ ಅದರದೇ ಫ್ರೀಕ್ವೆನ್ಸಿ, ಅದರದೇ ಕಂಟ್ರೋಲರ್. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಜಗಳ ಹೊಲದ ನಡುವೆ ಹುಟ್ಟುವುದಿಲ್ಲ, ಬದುವಿನ ಹತ್ತಿರ ಹುಟ್ಟುತ್ತದೆ. ನಮ್ಮ ಕೆಲಸದಲ್ಲೂ ಅಪಾಯ ಜಾಸ್ತಿ ಇರುವುದು ಆ ಬದುವಿನಲ್ಲೇ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಿಮಾನ ದಾಟುವ ಜಾಗದಲ್ಲಿ.

ಪ್ರಯಾಗರಾಜ್‌ನಲ್ಲಿ ತರಬೇತಿ ಮುಗಿಸಿ ಮೊದಲ ಸಲ ಏರಿಯಾ ಸೆಕ್ಟರ್‌ನಲ್ಲಿ ಕೂರುವ ನಮ್ಮ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಯೂನಿಟ್‌ನ ಮ್ಯಾನುಯಲ್ ಮತ್ತು ಪಕ್ಕದ ಯೂನಿಟ್ ಜೊತೆಗಿನ ಒಪ್ಪಂದ ಪತ್ರ, ಇವೆರಡೇ ಕೊನೆಯ ಮಾತು. ಇಲ್ಲಿರುವುದು ಅವನ್ನು ಓದಿದ ಮೇಲೂ ಉಳಿಯುವ ಪ್ರಶ್ನೆಗೆ ಉತ್ತರ: ಏನೋ ಸರಿಯಿಲ್ಲ ಅನಿಸುತ್ತಿದೆ, ಮೊದಲು ಏನು ನೋಡಲಿ?

ಶುರು ಮಾಡುವ ಮುಂಚೆ ಒಂದು ಮಾತು. ಪಂಪ್‌ಸೆಟ್ ಕೆಟ್ಟರೆ ಸ್ವಿಚ್ ಆಫ್ ಮಾಡಿ, ಬಿಚ್ಚಿ ನೋಡಬಹುದು. ಇಲ್ಲಿ ಆಫ್ ಮಾಡುವ ಹಾಗಿಲ್ಲ. ಎದುರುಬದುರು ಬರುವ ಎರಡು ಜೆಟ್ ವಿಮಾನಗಳು ತಲಾ 480 ನಾಟ್ ವೇಗದಲ್ಲಿದ್ದರೆ ಅವುಗಳ ನಡುವಿನ ಅಂತರ ನಿಮಿಷಕ್ಕೆ 16 ನಾಟಿಕಲ್ ಮೈಲಿ ಕಮ್ಮಿಯಾಗುತ್ತದೆ, ಅಂದರೆ ಸುಮಾರು 30 ಕಿಲೋಮೀಟರ್. ಆದ್ದರಿಂದ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲ ಪ್ರಶ್ನೆ ಒಂದೇ: ಈಗ ನನಗೆ ಗೊತ್ತಿಲ್ಲದ ವಿಷಯ ತಪ್ಪೇ ಆಗಿದ್ದರೆ, ಈ ವಿಮಾನ ಯಾವುದಕ್ಕಾದರೂ ಅಡ್ಡ ಬರುತ್ತದಾ? ಬರುವ ಹಾಗಿದ್ದರೆ ನಿಮ್ಮ ಕೈಯಲ್ಲಿರುವ ವಿಮಾನವನ್ನು ಸರಿಸಿ. ಲೆವೆಲ್, ಅಂದರೆ ಹಾರುವ ಎತ್ತರ, ಬದಲಿಸಿ, ಇಲ್ಲವೇ ತಿರುಗಿಸಿ. ಕಾರಣ ಹುಡುಕುವುದು ಆಮೇಲೆ.

ಲಕ್ಷಣ: "ಕರೆ ಬಂತು, ಆದರೆ ಈ ವಿಮಾನದ ಬಗ್ಗೆ ನನಗೆ ಯಾರೂ ಹೇಳಿಲ್ಲ"

ಪೈಲಟ್ ನಿಮ್ಮ ಸೆಂಟರ್ ಹೆಸರು ಹಿಡಿದು ಕರೆಯುತ್ತಾನೆ. ನಿಮ್ಮ ಹತ್ತಿರ ಅವನ ಸ್ಟ್ರಿಪ್ (ವಿಮಾನದ ವಿವರ ಬರೆದ ಚೀಟಿ) ಇಲ್ಲ, ಪರದೆಯ ಪಟ್ಟಿಯಲ್ಲೂ ಇಲ್ಲ. ಹೊಸಬರು ಇಲ್ಲಿ ಮಾಡುವ ಮೊದಲ ತಪ್ಪು, "ಹಳೇ ಫ್ರೀಕ್ವೆನ್ಸಿಗೆ ವಾಪಸ್ ಹೋಗಿ" ಅಂದುಬಿಡುವುದು. ಹಾಗೆ ಕಳಿಸಬೇಡಿ. ಈಗ ಅವನು ನಿಮಗೆ ಕೇಳಿಸುತ್ತಿದ್ದಾನೆ. ಕಳಿಸಿದ ಮೇಲೆ ಅಲ್ಲೂ ಸಿಗದೆ ಹೋದರೆ ಅವನು ಯಾರ ಕೈಯಲ್ಲೂ ಇಲ್ಲ.

ಮೊದಲು ಕೇಳಿ: ಎಲ್ಲಿದ್ದೀರಿ, ಯಾವ ಲೆವೆಲ್, ಎಲ್ಲಿಂದ ಎಲ್ಲಿಗೆ. ಇದಕ್ಕೆ ಹತ್ತು ಸೆಕೆಂಡ್ ಸಾಕು. ಆಮೇಲೆ ಹೋಲುವ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನವನ್ನು ಕರೆಯುವ ಹೆಸರು) ಇದೆಯಾ ನೋಡಿ. ಒಂದೇ ಕಂಪನಿಯ "ಸಿಕ್ಸ್ ಟೂ ಫೋರ್" ಮತ್ತು "ಸಿಕ್ಸ್ ಫೋರ್ ಟೂ" ಒಂದೇ ಹೊತ್ತಿಗೆ ಹಾರುವುದು ಅಪರೂಪವೇನಲ್ಲ, ಪಕ್ಕದವರು ಒಬ್ಬನಿಗೆ ಹೇಳಿದ ಫ್ರೀಕ್ವೆನ್ಸಿಯನ್ನು ಇನ್ನೊಬ್ಬ ತನಗೇ ಅಂತ ತೆಗೆದುಕೊಂಡಿರಬಹುದು. ಅವನು ಹೇಳಿದ ಜಾಗ ನಿಮ್ಮ ಗಡಿಯಿಂದ ತುಂಬಾ ದೂರ ಇದ್ದರೆ ಬಹುಪಾಲು ಇದೇ ಕಾರಣ, ಇಲ್ಲವೇ ಅಂಕಿ ತಪ್ಪಾಗಿ ತಿರುಗಿಸಿದ್ದಾನೆ. ಗಡಿಯ ಹತ್ತಿರವೇ ಇದ್ದು ನಿಮ್ಮ ಕಡೆಗೇ ಬರುತ್ತಿದ್ದರೆ ಪಕ್ಕದವರು ಹೇಳುವುದನ್ನು ಮರೆತಿದ್ದಾರೆ, ಅಥವಾ ಅವರ ಕಂಪ್ಯೂಟರ್ ಕಳಿಸಿದ ಸಂದೇಶ ನಿಮ್ಮ ಕಂಪ್ಯೂಟರ್‌ಗೆ ಮುಟ್ಟಿಲ್ಲ. ಈಗಾಗಲೇ ಒಳಗೆ ಬಂದುಬಿಟ್ಟಿದ್ದರೆ ಯೋಚನೆ ಬೇಡ. ಗುರುತಿಸಿ, ಅವನ ಲೆವೆಲ್‌ನಲ್ಲಿ ಯಾರಿದ್ದಾರೆ ನೋಡಿ, ಬೇರೆ ಮಾಡಿ, ಆಮೇಲೆ ಹಾಟ್‌ಲೈನ್ (ಪಕ್ಕದ ಸೆಕ್ಟರ್‌ಗೆ ಇರುವ ನೇರ ಫೋನ್) ಎತ್ತಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿರಲಿ. ಪೈಲಟ್ ನಿಮ್ಮ ಜೊತೆ ಮಾತಾಡುತ್ತಿದ್ದಾನೆ ಅಂದ ಮಾತ್ರಕ್ಕೆ ಅವನು ನಿಮ್ಮವನಾಗುವುದಿಲ್ಲ. ಮಾತು ದಾಟುವುದು ಬೇರೆ, ಜವಾಬ್ದಾರಿ ದಾಟುವುದು ಬೇರೆ. ಸಾಮಾನ್ಯವಾಗಿ ಗಡಿಗೆ ಸ್ವಲ್ಪ ಮುಂಚೆ ಮಾತು ದಾಟುತ್ತದೆ, ಜವಾಬ್ದಾರಿ ಗಡಿಯಲ್ಲಿ ದಾಟುತ್ತದೆ. ಆ ನಡುವಿನ ಕೆಲವು ನಿಮಿಷದಲ್ಲಿ ಅವನನ್ನು ಇಳಿಸಬೇಕು, ತಿರುಗಿಸಬೇಕು ಅಂದರೆ ಪಕ್ಕದವರ ಒಪ್ಪಿಗೆ ಬೇಕು. ಯಾಕೆಂದರೆ ಅವನ ಕೆಳಗೆ, ಅವರ ಜಾಗದಲ್ಲಿ, ನಿಮ್ಮ ಪರದೆಯಲ್ಲಿ ಕಾಣದ ಇನ್ನೊಬ್ಬ ಇರಬಹುದು. ಒಪ್ಪಂದ ಪತ್ರದಲ್ಲಿ ಮೊದಲೇ ಅನುಮತಿ ಬರೆದಿದ್ದರೆ ಸರಿ. ಬರೆದಿಲ್ಲವಾದರೆ ಕೇಳಲೇಬೇಕು.

ಲಕ್ಷಣ: "ಬರಬೇಕಾದವನು ಇನ್ನೂ ಕರೆದಿಲ್ಲ"

ಇದು ಹೆಚ್ಚು ಸಲ ಎದುರಾಗುವ ಲಕ್ಷಣ. ಹೆಚ್ಚು ಸಲ ಸಣ್ಣ ಕಾರಣವೇ ಇರುತ್ತದೆ, ಅದಕ್ಕೇ ಉದಾಸೀನವೂ ಜಾಸ್ತಿ.

ನಿಮ್ಮಿಂದಲೇ ಶುರು ಮಾಡಿ. ಹೆಡ್‌ಸೆಟ್ ಪಿನ್ ಸಡಿಲವಾಗಿದೆಯಾ, ವಾಲ್ಯೂಮ್ ಇಳಿದಿದೆಯಾ, ಪ್ಯಾನೆಲ್ ಮೇಲೆ ನಿಮ್ಮ ಫ್ರೀಕ್ವೆನ್ಸಿಯ ರಿಸೀವರ್ ಆನ್ ಇದೆಯಾ. ಫ್ರೀಕ್ವೆನ್ಸಿಯಲ್ಲಿರುವ ಬೇರೆ ಯಾರನ್ನಾದರೂ ರೇಡಿಯೋ ಚೆಕ್ ಕೇಳಿ. ಉತ್ತರ ಬಂದರೆ ನಿಮ್ಮ ಕಡೆ ಸರಿಯಿದೆ. ಈಗ ಅವನನ್ನೇ ಹೆಸರು ಹಿಡಿದು ಕರೆಯಿರಿ. ಎಷ್ಟೋ ಸಲ ಅವನು ಆಗಲೇ ಬಂದು, ಮಾತಾಡಲು ಜಾಗ ಸಿಗದೆ ಕಾಯುತ್ತಿರುತ್ತಾನೆ.

ಉತ್ತರ ಇಲ್ಲ ಅಂದರೆ ಹಾಟ್‌ಲೈನ್: "ಅವನು ಇನ್ನೂ ನಿಮ್ಮ ಹತ್ತಿರ ಇದ್ದಾನಾ?" ಇದನ್ನು ಕೇಳೋಕೆ ಸಂಕೋಚ ಬೇಡ. ಅವರು ಕಳಿಸಿಯೇ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಕಳಿಸಿಯಾಯಿತು ಅಂದರೆ ಯಾವ ಫ್ರೀಕ್ವೆನ್ಸಿ ಕೊಟ್ಟಿರಿ, ಅವನು ಏನಂತ ತಿರುಗಿ ಹೇಳಿದ ಅಂತ ಕೇಳಿ. ಅಂಕಿಗಳು ಅದಲುಬದಲಾಗುವುದು, 125.7 ಹೋಗಿ 127.5 ಆಗುವುದು, ಇದೇ ಮಾಮೂಲಿ ಕಾರಣ. ಅವನು ತಪ್ಪು ಹೇಳಿದಾಗ ಆ ಕಡೆಯವರು ಕಿವಿಗೊಟ್ಟಿಲ್ಲ ಅಷ್ಟೆ. ಹಾಗೆ ಅದಲುಬದಲಾದ ಫ್ರೀಕ್ವೆನ್ಸಿ ಯಾವ ಸೆಕ್ಟರ್‌ನದು ಅಂತ ಗೊತ್ತಿದ್ದರೆ ಅವರಿಗೆ ಫೋನ್ ಮಾಡಿ, ಅನೇಕ ಸಲ ಅಲ್ಲೇ ಸಿಗುತ್ತಾನೆ.

ಅಲ್ಲೂ ಇಲ್ಲ ಅಂದರೆ 121.5ರಲ್ಲಿ, ಅಂದರೆ ತುರ್ತು ಫ್ರೀಕ್ವೆನ್ಸಿಯಲ್ಲಿ, ಕರೆಯಿರಿ. ಡೇಟಾಲಿಂಕ್ (ಪೈಲಟ್‌ಗೆ ಬರಹದ ಸಂದೇಶ ಕಳಿಸುವ ವ್ಯವಸ್ಥೆ) ಇದ್ದರೆ ಸಂದೇಶ ಹಾಕಿ. ಅದೇ ಕಂಪನಿಯ ಬೇರೆ ವಿಮಾನಕ್ಕೆ "ಅವನನ್ನು ಕರೆದು ನೋಡಿ" ಅನ್ನಿ. ಕಂಪನಿಯ ಡಿಸ್ಪ್ಯಾಚ್ ಕಚೇರಿಗೆ ಹೇಳಿಸಿದರೆ ಅವರು ಕಾಕ್‌ಪಿಟ್‌ಗೆ ನೇರವಾಗಿ ಸಂದೇಶ ಕಳಿಸಬಲ್ಲರು. ಜೊತೆಗೆ ಕುರುಡಾಗಿ ಒಂದು ಪ್ರಯತ್ನ: "ನನ್ನ ಮಾತು ಕೇಳಿಸುತ್ತಿದ್ದರೆ ಐಡೆಂಟ್ ಒತ್ತಿ" ಅನ್ನಿ. ಪರದೆಯಲ್ಲಿ ಅವನ ಗುರುತು ಮಿನುಗಿದರೆ ಅವನ ರಿಸೀವರ್ ಚೆನ್ನಾಗಿದೆ, ಮಾತಾಡುವುದು ಮಾತ್ರ ಆಗುತ್ತಿಲ್ಲ ಅಂತ ಅರ್ಥ. ಪರದೆಯಲ್ಲಿ ಅವನ ಗುರುತಿನ ಜೊತೆ ಕೋಡ್ 7600 ಕಂಡರೆ ರೇಡಿಯೋ ಕೆಟ್ಟಿದೆ ಅಂತ ಅವನೇ ಹೇಳುತ್ತಿದ್ದಾನೆ.

ಎಲ್ಲಿ ನಿಲ್ಲಿಸಬೇಕು? ಅವನು ಮಾತಿಲ್ಲದೆ ಗಡಿ ದಾಟಿದ ಕ್ಷಣದಲ್ಲಿ. ಇನ್ನೊಂದು ಸಲ ಕರೆದು ನೋಡೋಣ ಅಂತ ಕೂರಬೇಡಿ. ಡಬ್ಲ್ಯೂಎಸ್‌ಓಗೆ (ಪಾಳಿಯ ಮೇಲ್ವಿಚಾರಕರಿಗೆ) ಹೇಳಿ, ಅವನ ದಾರಿಯಲ್ಲಿ ಮುಂದಿರುವ ಸೆಕ್ಟರ್‌ಗಳಿಗೆ ಹೇಳಿ, ಅವನ ಲೆವೆಲ್‌ನಲ್ಲಿ ದಾರಿ ಖಾಲಿ ಮಾಡಿ. ವಾಯುಸೇನೆಗೆ ತಿಳಿಸುವುದು ಡಬ್ಲ್ಯೂಎಸ್‌ಓ ಮೂಲಕ ಆಗುತ್ತದೆ, ಅದು ತಡವಾದಷ್ಟೂ ಆ ಕಡೆ ಆತಂಕ ಜಾಸ್ತಿಯಾಗುತ್ತದೆ. ಕೋಡ್ 7500 ಕಂಡರೆ ಅದು ಅಪಹರಣದ ಸೂಚನೆ, ಆಗ ಈ ಪಟ್ಟಿಯನ್ನೇ ಬಿಟ್ಟು ನಿಮ್ಮ ಯೂನಿಟ್‌ನ ಭದ್ರತಾ ವಿಧಾನಕ್ಕೆ ಹೋಗಿ.

ಲಕ್ಷಣ: "ಪೈಲಟ್ ಹೇಳುವ ಲೆವೆಲ್ ಒಂದು, ನನ್ನ ಸ್ಟ್ರಿಪ್‌ನಲ್ಲಿರುವುದು ಇನ್ನೊಂದು"

ಇದರ ಬಗ್ಗೆ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನನ್ನ ಕೈ ತಣ್ಣಗಾದದ್ದು ಇದರಿಂದಲೇ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾತ್ರಿ ಪಾಳಿ. ಸಮುದ್ರದ ಮೇಲಿನ ಸೆಕ್ಟರ್, ಅಲ್ಲಿ ಆಗ ರೇಡಾರ್ ಇಲ್ಲ, ಇದ್ದದ್ದು ಸ್ಟ್ರಿಪ್ ಮತ್ತು ಲೆಕ್ಕ. ಪಕ್ಕದ ಸೆಂಟರ್‌ನವರು ಹಾಟ್‌ಲೈನ್‌ನಲ್ಲಿ ಒಂದು ವಿಮಾನದ ಸಮಯ ಮತ್ತು ಲೆವೆಲ್ ಹೇಳಿದರು. ಲೈನ್‌ನಲ್ಲಿ ಗುಂಯ್ ಅನ್ನುವ ಸದ್ದು. ಅವರು ಹೇಳಿದ್ದು 350 (ಅಂದರೆ 35,000 ಅಡಿ), ನಾನು ಬರೆದದ್ದು 390. ನಾನು ತಿರುಗಿ ಲೆವೆಲ್ ಹೇಳದೆ "ಓಕೆ, ಕಾಪೀಡ್" ಅಂದೆ, ಅವರು ಫೋನ್ ಇಟ್ಟರು. ಎರಡೂ ಪೂರ್ವಕ್ಕೆ ಹೋಗುವವರ ಲೆವೆಲ್‌ಗಳೇ ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಅದೇ ದಾರಿಗೆ ಇನ್ನೊಂದು ಕಡೆಯಿಂದ ಬಂದು ಸೇರುವ ವಿಮಾನಕ್ಕೆ 350 ಕೊಟ್ಟಿದ್ದೆ. ಮೊದಲನೆಯವನು ಕರೆದಾಗ "ಮೇಂಟೇನಿಂಗ್ ತ್ರೀ ಫೈಫ್ ಝೀರೋ" ಅಂದ. ಕಿವಿಗೆ ಬಿದ್ದದ್ದು ಕೈಯಲ್ಲಿರುವ ಸ್ಟ್ರಿಪ್‌ಗೆ ಹೊಂದಲಿಲ್ಲ. ಮತ್ತೆ ಕೇಳಿದೆ, ಅದೇ ಉತ್ತರ. ಅವರಿಬ್ಬರೂ ಒಂದೇ ಬಿಂದುವಿಗೆ ಬರೋಕೆ ಒಂಬತ್ತು ನಿಮಿಷ ಇತ್ತು. ಎರಡನೆಯವನನ್ನು 330ಕ್ಕೆ ಇಳಿಸಿದೆ. ಅವನು "ಲೆವೆಲ್ 330" ಅನ್ನುವವರೆಗೂ ನಾನು ಉಸಿರು ಬಿಟ್ಟ ನೆನಪಿಲ್ಲ.

ಇಂಗ್ಲಿಷ್‌ನ ಐದು ಮತ್ತು ಒಂಬತ್ತು ಕೆಟ್ಟ ಲೈನ್‌ನಲ್ಲಿ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ರೇಡಿಯೋದಲ್ಲಿ "ಫೈಫ್", "ನೈನರ್" ಅಂತ ಹೇಳಿಸುವುದು. ಪೈಲಟ್ ಜೊತೆ ಮಾತಾಡುವಾಗ ನಾವು ಇದನ್ನು ಪಾಲಿಸುತ್ತೇವೆ, ಹಾಟ್‌ಲೈನ್ ಎತ್ತಿದ ಕೂಡಲೇ ಮರೆಯುತ್ತೇವೆ. ಆ ಕಡೆ ಕೂತವರು ಕನ್ನಡದವರು ಅಂತ ಗೊತ್ತಾದರೆ ಖುಷಿಯಿಂದ ಕನ್ನಡದಲ್ಲೇ ಮಾತಾಡುತ್ತೇವೆ, ಊಟ ಆಯ್ತಾ ಅಂತ ಕೇಳುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ಅಂಕಿ ಬಂದಾಗ ರೇಡಿಯೋದ ಭಾಷೆಗೇ ಹೋಗಿ, ಒಂದೊಂದೇ ಅಂಕಿ ಹೇಳಿ, ಅವರು ತಿರುಗಿ ಹೇಳುವವರೆಗೆ ಫೋನ್ ಇಡಬೇಡಿ.

ಈಗ ತಪಾಸಣೆ. ಮೊದಲು ಪೈಲಟ್‌ನನ್ನೇ ಕೇಳಿ: ಈಗಿರುವ ಲೆವೆಲ್ ಯಾವುದು, ನಿಮಗೆ ಕೊಟ್ಟ ಲೆವೆಲ್ ಯಾವುದು. ಇವು ಎರಡು ಬೇರೆ ಪ್ರಶ್ನೆ. ಅವನು ಏರುತ್ತಿರಬಹುದು, ನಿಮ್ಮ ಸ್ಟ್ರಿಪ್‌ನಲ್ಲಿ ಕೊನೆಯ ಲೆವೆಲ್ ಮಾತ್ರ ಇರಬಹುದು. ಎರಡಕ್ಕೂ ನಿಮ್ಮ ಅಂಕಿಗಿಂತ ಬೇರೆ ಉತ್ತರ ಬಂದರೆ ಪೈಲಟ್ ಹೇಳಿದ್ದೇ ನಿಜ ಅಂತ ಇಟ್ಟುಕೊಂಡು ಜಾಗ ಮಾಡಿ. ಆಮೇಲೆ ಪಕ್ಕದವರನ್ನು ಕೇಳಿ. ನಮ್ಮ ಸೆಕ್ಟರ್‌ಗೆ ಕಳಿಸುವ ಮುಂಚೆ ಅವರು ಲೆವೆಲ್ ಬದಲಿಸಿ, ಅದನ್ನು ನಮಗೆ ಹೇಳದೆ ಬಿಟ್ಟಿರುವುದೇ ಬಹುಪಾಲು ಕಾರಣ. ನಮ್ಮ ಏಷ್ಯಾ ಭಾಗದಲ್ಲಿ ದೊಡ್ಡ ಎತ್ತರ ವ್ಯತ್ಯಾಸದ ವರದಿಗಳನ್ನು ವರ್ಗ ಮಾಡಿ ಇಡುತ್ತಾರೆ. ಒಬ್ಬ ಕಂಟ್ರೋಲರ್‌ನಿಂದ ಇನ್ನೊಬ್ಬನಿಗೆ ದಾಟಿಸುವಾಗ ಮನುಷ್ಯರಿಂದಾದ ತಪ್ಪಿಗೆ ಅಲ್ಲಿ ಇ ಅನ್ನುವ ವರ್ಗವೇ ಇದೆ. ವರದಿಗಳಲ್ಲಿ ಹೆಚ್ಚು ಸಲ ಕಾಣುವ ವರ್ಗಗಳಲ್ಲಿ ಅದು ಒಂದು.

ಪರದೆಯಲ್ಲಿ ವಿಮಾನದ ಗುರುತಿನ ಪಕ್ಕ ಬರುವ ಲೇಬಲ್ ಅನ್ನೇ ನಂಬಿ ಕೂತರೆ ಏನಾಗಬಹುದು ಅನ್ನುವುದಕ್ಕೆ ಬ್ರೆಜಿಲ್‌ನಲ್ಲಿ 2006ರ ಸೆಪ್ಟೆಂಬರ್ 29ರಂದು ನಡೆದದ್ದನ್ನು ಪ್ರತಿಯೊಬ್ಬ ಕಂಟ್ರೋಲರ್ ಓದಬೇಕು. ಒಂದು ಸಣ್ಣ ಲೆಗಸಿ ಜೆಟ್ 370ರಲ್ಲಿ ಹಾರುತ್ತಿತ್ತು. ಬ್ರೆಸಿಲಿಯಾ ದಾಟಿದ ಮೇಲೆ ಅದು 360ಕ್ಕೆ ಇಳಿಯಬೇಕು ಅಂತ ಫ್ಲೈಟ್ ಪ್ಲಾನ್‌ನಲ್ಲಿತ್ತು. ಇಳಿಯಿರಿ ಅಂತ ಯಾರೂ ಹೇಳಲಿಲ್ಲ, ಅದು ಇಳಿಯಲಿಲ್ಲ. ಆದರೆ ಪರದೆಯ ಲೇಬಲ್‌ನಲ್ಲಿ ಕೊಟ್ಟ ಲೆವೆಲ್‌ನ ಜಾಗದಲ್ಲಿ ಕಂಪ್ಯೂಟರ್ ತಾನಾಗಿಯೇ 360 ಅಂತ ಬದಲಿಸಿತು. ಆಮೇಲೆ ಆ ಜೆಟ್‌ನ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಎತ್ತರ ಕಳಿಸುವ ಯಂತ್ರ) ಸಂಕೇತವೂ ನಿಂತಿತು. ಪಾಳಿ ಬದಲಾದಾಗ, ಮುಂದಿನ ಸೆಂಟರ್‌ಗೆ ದಾಟಿಸಿದಾಗ, ಅದು 360ರಲ್ಲಿದೆ ಅಂತಲೇ ಬಾಯಿಂದ ಬಾಯಿಗೆ ಹೋಯಿತು. ಎದುರಿನಿಂದ 370ರಲ್ಲಿ ಬಂದ ಗೋಲ್ ಕಂಪನಿಯ ಬೋಯಿಂಗ್‌ಗೆ ಅದು ತಗುಲಿತು. ಬೋಯಿಂಗ್‌ನಲ್ಲಿದ್ದ 154 ಜನರೂ ಸತ್ತರು. ಲೇಬಲ್‌ನಲ್ಲಿ ಪ್ಲಾನ್ ಹೇಳುವ ಅಂಕಿ ಯಾವುದು, ನೀವೇ ಕೊಟ್ಟ ಅಂಕಿ ಯಾವುದು, ವಿಮಾನವೇ ಕಳಿಸುವ ಅಂಕಿ ಯಾವುದು, ಈ ಮೂರನ್ನು ನಿಮ್ಮ ಸಿಸ್ಟಂನಲ್ಲಿ ಬೇರೆ ಬೇರೆ ತೋರಿಸಿ ಅಂತ ಮೊದಲ ದಿನವೇ ಹಿರಿಯರನ್ನು ಕೇಳಿ. ವಿಮಾನ ಕಳಿಸುವ ಅಂಕಿ ಮಾಯವಾದರೆ ಉಳಿದ ಎರಡನ್ನು ನಂಬಬೇಡಿ. ಬಾಯಿಬಿಟ್ಟು ಪೈಲಟ್‌ನನ್ನು ಕೇಳಿ.

ಲಕ್ಷಣ: "ಸಮಯ ಹೊಂದುತ್ತಿಲ್ಲ"

ಪಕ್ಕದವರು ಗಡಿಗೆ 42ನೇ ನಿಮಿಷಕ್ಕೆ ಅಂದಿದ್ದರು, ಪೈಲಟ್ 38 ಅನ್ನುತ್ತಾನೆ. ರೇಡಾರ್ ಇರುವಲ್ಲಿ ಇದು ಸಣ್ಣ ವಿಷಯ, ಕಣ್ಣಿಗೆ ಕಾಣುತ್ತದೆ. ರೇಡಾರ್ ಇಲ್ಲದ ಕಡೆ ಹಾಗಲ್ಲ. 480 ನಾಟ್‌ನಲ್ಲಿ ಮೂರು ನಿಮಿಷ ಅಂದರೆ 24 ನಾಟಿಕಲ್ ಮೈಲಿ, ಹತ್ತಿರ ಹತ್ತಿರ 44 ಕಿಲೋಮೀಟರ್. ಸಾಮಾನ್ಯವಾಗಿ ಮೂರು ನಿಮಿಷ ಅಥವಾ ಹೆಚ್ಚು ವ್ಯತ್ಯಾಸ ಬಂದರೆ ಹೊಸ ಸಮಯ ಹೇಳಲೇಬೇಕು, ನಿಮ್ಮ ಒಪ್ಪಂದದಲ್ಲಿ ಇನ್ನೂ ಬಿಗಿಯಾದ ಅಂಕಿ ಇರಬಹುದು. ಒಂದು ವಿಮಾನ ಮಾತ್ರ ತಪ್ಪಿದ್ದರೆ ಅದು ಅಡ್ಡದಾರಿ ಹಿಡಿದಿರಬಹುದು ಅಥವಾ ವೇಗ ಬದಲಿಸಿರಬಹುದು. ಸಾಲಾಗಿ ಮೂರು ನಾಲ್ಕು ವಿಮಾನಗಳು ಒಂದೇ ಕಡೆಗೆ ತಪ್ಪುತ್ತಿದ್ದರೆ ಗಾಳಿಯ ಲೆಕ್ಕ ತಪ್ಪಿದೆ, ಹಿಂದೆ ಬರುವ ಎಲ್ಲರ ಸಮಯವನ್ನೂ ಮತ್ತೆ ಕೇಳಿ.

ಲಕ್ಷಣ: "ಹ್ಯಾಂಡ್‌ಆಫ್ ಒತ್ತಿದೆ, ಆ ಕಡೆಯಿಂದ ಏನೂ ಇಲ್ಲ"

ಹ್ಯಾಂಡ್‌ಆಫ್ ಅಂದರೆ ವಿಮಾನವನ್ನು ಪಕ್ಕದವರಿಗೆ ದಾಟಿಸುವುದು. ಈಗ ಬಹಳಷ್ಟು ಕಡೆ ಎರಡು ಸೆಂಟರ್‌ಗಳ ಕಂಪ್ಯೂಟರ್‌ಗಳೇ ಎಐಡಿಸಿ ಅನ್ನುವ ಸಂದೇಶದ ಕೊಂಡಿಯ ಮೂಲಕ ಮಾತಾಡಿಕೊಳ್ಳುತ್ತವೆ. ಫೋನ್ ಕಮ್ಮಿಯಾಗಿದೆ, ಕಿವಿ ತಪ್ಪೂ ಕಮ್ಮಿಯಾಗಿದೆ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಎಲ್‌ಎಎಂ ಅನ್ನುವ ಉತ್ತರ ಬಂತು ಅಂದರೆ ನಿಮ್ಮ ಸಂದೇಶ ಆ ಕಂಪ್ಯೂಟರ್‌ಗೆ ಮುಟ್ಟಿತು ಅಂತ ಮಾತ್ರ. ಅಂಚೆ ತಲುಪಿತು, ಅಷ್ಟೆ. ಒಪ್ಪಿದ್ದೇವೆ ಅನ್ನುವುದಕ್ಕೆ ಎಸಿಪಿ ಬರಬೇಕು. ಎಲ್‌ಆರ್‌ಎಂ ಬಂದರೆ ಸಂದೇಶವನ್ನು ತಳ್ಳಿಹಾಕಿದೆ, ಸಾಮಾನ್ಯವಾಗಿ ಆ ಕಡೆ ಫ್ಲೈಟ್ ಪ್ಲಾನ್ ಇಲ್ಲ ಅಥವಾ ದಾರಿ ಹೊಂದುತ್ತಿಲ್ಲ. ಯಾವುದೂ ಬರದಿದ್ದರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಒಂದು ಸಲ ನೋಡಿ, ಫೋನ್ ಎತ್ತಿ, ಬಾಯಲ್ಲಿ ದಾಟಿಸಿ. ಒಂದೇ ವಿಮಾನಕ್ಕೆ ಹೀಗಾದರೆ ಪ್ಲಾನ್ ತೊಂದರೆ. ಎಲ್ಲಾ ವಿಮಾನಕ್ಕೂ ಹೀಗಾದರೆ ಕೊಂಡಿಯೇ ಕಡಿದಿದೆ, ಡಬ್ಲ್ಯೂಎಸ್‌ಓ ಮತ್ತು ತಾಂತ್ರಿಕ ವಿಭಾಗಕ್ಕೆ ಹೇಳಿ ಎಲ್ಲವನ್ನೂ ಫೋನ್‌ಗೆ ತನ್ನಿ.

ಲಕ್ಷಣ: "ಹಾಟ್‌ಲೈನ್ ಸತ್ತಿದೆ, ಅಥವಾ ಯಾರೂ ಎತ್ತುತ್ತಿಲ್ಲ"

ಹ್ಯಾಂಡ್‌ಸೆಟ್ ಬದಲಿಸಿ ನೋಡಿ. ಪಕ್ಕದ ಕುರ್ಚಿಯ ಲೈನ್ ಪ್ರಯತ್ನಿಸಿ. ಬದಲಿ ಲೈನ್, ಮಾಮೂಲಿ ದೂರವಾಣಿ, ಕೊನೆಗೆ ಮೂರನೇ ಸೆಂಟರ್ ಮೂಲಕ ಹೇಳಿಸುವುದು. ಈ ನಂಬರ್‌ಗಳು ಪಾಳಿ ಶುರುವಾಗುವ ಮುಂಚೆಯೇ ಮೇಜಿನ ಮೇಲೆ ಇರಬೇಕು, ಬೇಕಾದಾಗ ಹುಡುಕುವುದಲ್ಲ. ಯಾವುದೂ ಸಿಗದಿದ್ದರೆ ಪೈಲಟ್ ಮೂಲಕವೇ ಮುಂದಿನ ಸೆಕ್ಟರ್‌ಗೆ ವಿಷಯ ಮುಟ್ಟಿಸಬಹುದು.

ಲೈನ್ ಕೆಟ್ಟಿದ್ದರೆ ಬರುವ ವಿಮಾನಗಳ ಸಂಖ್ಯೆ ಕಮ್ಮಿ ಮಾಡಿಸಿ. ಇದನ್ನು ಹೇಳಲು ಕಾರಣ ಊಬರ್‌ಲಿಂಗನ್. 2002ರ ಜುಲೈ 1ರ ರಾತ್ರಿ, ಜರ್ಮನಿಯ ದಕ್ಷಿಣ ತುದಿ, ಆದರೆ ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್ ಸೆಂಟರ್. ದುರಸ್ತಿ ಕೆಲಸಕ್ಕಾಗಿ ಅಲ್ಲಿನ ಮುಖ್ಯ ಫೋನ್ ವ್ಯವಸ್ಥೆ ನಿಲ್ಲಿಸಿದ್ದರು, ಬದಲಿ ಲೈನ್ ಕೆಲಸ ಮಾಡುತ್ತಿರಲಿಲ್ಲ, ರೇಡಾರ್ ಕೂಡ ಪೂರ್ತಿ ಸಾಮರ್ಥ್ಯದಲ್ಲಿರಲಿಲ್ಲ. ಒಬ್ಬನೇ ಕಂಟ್ರೋಲರ್ ಎರಡು ಪರದೆ ನೋಡುತ್ತಿದ್ದ, ತಡವಾಗಿ ಬಂದ ಒಂದು ವಿಮಾನವನ್ನು ಇಳಿಸಲು ಪಕ್ಕದ ಏರ್‌ಪೋರ್ಟ್‌ಗೆ ಫೋನ್ ಹಚ್ಚುವುದರಲ್ಲಿ ಅವನ ಅಮೂಲ್ಯ ನಿಮಿಷಗಳು ಹೋದವು. ಪಕ್ಕದ ಕಾರ್ಲ್ಸ್‌ರೂ ಸೆಂಟರ್‌ನವರಿಗೆ ಎರಡು ವಿಮಾನ ಹತ್ತಿರವಾಗುತ್ತಿರುವುದು ಅಲಾರಂ ಸಮೇತ ಕಾಣುತ್ತಿತ್ತು. 11 ಸಲ ಫೋನ್ ಮಾಡಿದರು. ಲೈನ್ ಸಿಗಲಿಲ್ಲ. ಎರಡೂ ಡಿಕ್ಕಿಯಾಗಿ 71 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ನೋಡುವವರಿಗೆ ಕಾಣುತ್ತಿತ್ತು, ಹೇಳಬೇಕಾದವರಿಗೆ ಹೇಳಲು ದಾರಿ ಇರಲಿಲ್ಲ. ಇದನ್ನು ನೆನೆಸಿಕೊಂಡಾಗಲೆಲ್ಲ ನಾನು ಪಾಳಿ ಶುರುವಿನಲ್ಲಿ ಹಾಟ್‌ಲೈನ್ ಎತ್ತಿ ಒಂದು ಸಲ ನಮಸ್ಕಾರ ಹೇಳಿ ನೋಡುತ್ತೇನೆ. ನೀವೂ ಮಾಡಿ. ಅರ್ಧ ನಿಮಿಷದ ಕೆಲಸ.

ಲಕ್ಷಣ: "ಅವರು ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ"

ಈ ಲಕ್ಷಣ ಪರದೆಯಲ್ಲಿ ಕಾಣುವುದಿಲ್ಲ. ಕೋಣೆಯಲ್ಲಿ ಕಾಣುತ್ತದೆ. ಸೆಕ್ಟರ್‌ಗಳನ್ನು ಒಂದು ಮಾಡುವಾಗ, ಬೇರೆ ಮಾಡುವಾಗ, ಪಾಳಿ ಬದಲಾಗುವಾಗ, ರನ್‌ವೇ ವ್ಯವಸ್ಥೆ ಬದಲಾಗುವಾಗ ಇದು ಹೆಚ್ಚು. ಅರ್ಧ ವಾಕ್ಯದಲ್ಲಿ ಮಾತು ಮುಗಿಯುತ್ತಿದೆಯಾ, ಯಾರೋ ಕೈಸನ್ನೆಯಲ್ಲಿ ಒಪ್ಪಿಗೆ ಕೊಡುತ್ತಿದ್ದಾರಾ, ನೀವೇ ಕೇಳಿಸಿಕೊಳ್ಳದೆ "ಹೂಂ" ಅನ್ನುತ್ತಿದ್ದೀರಾ, ಗಮನಿಸಿ.

ನಮ್ಮ ಬೆಂಗಳೂರಿನಲ್ಲೇ 2022ರ ಜನವರಿ 7ರ ಬೆಳಿಗ್ಗೆ ಆದದ್ದು ಇದೇ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎರಡು ಸಮಾನಾಂತರ ರನ್‌ವೇ ಇವೆ, ಅವುಗಳನ್ನು ನೋಡಲು ನಾರ್ತ್ ಟವರ್, ಸೌತ್ ಟವರ್ ಅಂತ ಬೇರೆ ಬೇರೆ ಕಂಟ್ರೋಲರ್. ಆ ಬೆಳಿಗ್ಗೆ ಉತ್ತರದ ರನ್‌ವೇ ಒಂದನ್ನೇ ಬಳಸುವುದು ಅಂತ ತೀರ್ಮಾನವಾಯಿತು. ಅದು ಸೌತ್ ಟವರ್‌ಗೆ ತಿಳಿಯಲಿಲ್ಲ. ಕೋಲ್ಕತ್ತಾಗೆ ಹೋಗುವ ವಿಮಾನಕ್ಕೆ ಸೌತ್ ಟವರ್ ಅನುಮತಿ ಕೊಟ್ಟಿತು, ಭುವನೇಶ್ವರಕ್ಕೆ ಹೋಗುವ ವಿಮಾನಕ್ಕೆ ನಾರ್ತ್ ಟವರ್ ಅನುಮತಿ ಕೊಟ್ಟಿತು. ಎರಡೂ ಮೇಲೇರಿ ಒಂದರ ಕಡೆಗೆ ಇನ್ನೊಂದು ಬಂದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನ. ಅಪ್ರೋಚ್ ರೇಡಾರ್‌ನಲ್ಲಿ ಕೂತ ಕಂಟ್ರೋಲರ್ ಅದನ್ನು ಕಂಡು ತಕ್ಷಣ ಬೇರೆ ಬೇರೆ ದಿಕ್ಕು ಕೊಟ್ಟರು. ಅವರು ಯಾರ ತಪ್ಪು ಅಂತ ವಿಚಾರಿಸುತ್ತಾ ಕೂರಲಿಲ್ಲ, ಮೊದಲು ಬೇರೆ ಮಾಡಿದರು. ನಾನು ಆರಂಭದಲ್ಲಿ ಹೇಳಿದ್ದು ಇದನ್ನೇ.

ಇದಕ್ಕೂ ಹಳೆಯದು ಜಾಗ್ರೆಬ್, ಆಗಿನ ಯುಗೋಸ್ಲಾವಿಯ, 1976ರ ಸೆಪ್ಟೆಂಬರ್ 10. ಕೆಳಗಿನ ಸೆಕ್ಟರ್‌ನಿಂದ ಮೇಲಿನ ಸೆಕ್ಟರ್‌ಗೆ ಏರುತ್ತಿದ್ದ ಡಿಸಿ-9 ವಿಮಾನ, ಮೇಲೆ 330ರಲ್ಲಿ ಲಂಡನ್‌ನಿಂದ ಇಸ್ತಾಂಬುಲ್‌ಗೆ ಹೋಗುತ್ತಿದ್ದ ಟ್ರೈಡೆಂಟ್. ಮೇಲಿನ ಸೆಕ್ಟರ್‌ನ ಕಂಟ್ರೋಲರ್ ಆ ಕೆಲವು ನಿಮಿಷ ಒಬ್ಬನೇ ಇದ್ದ, ಜೊತೆಗಿದ್ದವನು ತಡವಾಗಿದ್ದ ಬದಲಿ ಸಿಬ್ಬಂದಿಯನ್ನು ಹುಡುಕಲು ಎದ್ದು ಹೋಗಿದ್ದ. ಎರಡು ಸೆಕ್ಟರ್ ನಡುವಿನ ಮಾತುಕತೆ ಕೊನೇ ಗಳಿಗೆಯಲ್ಲಿ, ಗಡಿಬಿಡಿಯಲ್ಲಿ ಆಯಿತು. ಅಪಾಯ ಕಂಡಾಗ ಮೇಲಿನ ಸೆಕ್ಟರ್‌ನ ಆ ಕಂಟ್ರೋಲರ್ ತನ್ನ ಮಾತೃಭಾಷೆಗೆ ಜಾರಿ ಡಿಸಿ-9ಗೆ ಈಗಿರುವ ಎತ್ತರದಲ್ಲೇ ನಿಲ್ಲಿ ಅಂದ. ಅದು 330ರಲ್ಲಿ ನಿಂತಿತು. ಟ್ರೈಡೆಂಟ್‌ನವರಿಗೆ ಆ ಭಾಷೆ ತಿಳಿಯುವಂತಿರಲಿಲ್ಲ. ಎರಡೂ ಡಿಕ್ಕಿಯಾಗಿ 176 ಜನ ಸತ್ತರು. ಆ ಒಬ್ಬ ಕಂಟ್ರೋಲರ್‌ನನ್ನು ಜೈಲಿಗೆ ಹಾಕಿದರು, ಬೇರೆ ದೇಶಗಳ ಕಂಟ್ರೋಲರ್‌ಗಳು ಸೇರಿ ಹೋರಾಡಿದ ಮೇಲೆ ಅವಧಿಗೆ ಮುಂಚೆಯೇ ಬಿಟ್ಟರು. ಕುರ್ಚಿ ಖಾಲಿ ಬಿಡುವ ವ್ಯವಸ್ಥೆಯ ಭಾರವನ್ನೆಲ್ಲ ಕುರ್ಚಿಯಲ್ಲಿ ಕೂತವನ ತಲೆಗೆ ಕಟ್ಟಿದ್ದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ.

ತಪಾಸಣೆ ಸುಲಭ, ನಾಚಿಕೆ ಬಿಡಬೇಕು ಅಷ್ಟೆ. "ಇವನು ಯಾರ ಹತ್ತಿರ?" ಅಂತ ಜೋರಾಗಿ ಕೇಳಿ. ಪಾಳಿ ತೆಗೆದುಕೊಳ್ಳುವಾಗ ಹಳಬರು ಹೇಳಿದ್ದನ್ನು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ವಿಮಾನಕ್ಕೆ ಹೊಂದಿಸಿ. ಅವರು ಎದ್ದ ಮೇಲೂ ಎರಡು ನಿಮಿಷ ಹಿಂದೆ ನಿಂತಿರಲಿ. ವಿಮಾನ ಜಾಸ್ತಿಯಾಗಿ ನಿಮ್ಮ ಮಾತು ವೇಗವಾಗುತ್ತಿದೆ, ಒಂದೇ ಪೈಲಟ್‌ನನ್ನು ಎರಡೆರಡು ಸಲ ಕೇಳುತ್ತಿದ್ದೀರಿ ಅಂದರೆ ನಿಮಗೆ ಸಹಾಯ ಬೇಕು. ಸೆಕ್ಟರ್ ಬೇರೆ ಮಾಡಿ ಅಂತ ಕೇಳಿ. ತಡವಾಗಿ ಕೇಳಿದರೆ ಬೇರೆ ಮಾಡುವ ಕೆಲಸವೇ ಇನ್ನೊಂದು ಹೊರೆಯಾಗುತ್ತದೆ.

ಲಕ್ಷಣ: ಅಲಾರಂ ಹೊಡೆಯುತ್ತಿದೆ, ಅಥವಾ ಪೈಲಟ್ "ಟಿಕ್ಯಾಸ್ ಆರ್‌ಎ" ಅಂದ

ಇಲ್ಲಿ ಕಾರಣ ಹುಡುಕುವ ಕೆಲಸ ನಿಲ್ಲಿಸಿ. ಟಿಕ್ಯಾಸ್ ಅಂದರೆ ಡಿಕ್ಕಿ ತಪ್ಪಿಸಲು ವಿಮಾನದಲ್ಲೇ ಇರುವ ಯಂತ್ರ, ಆರ್‌ಎ ಅಂದರೆ ಏರು ಅಥವಾ ಇಳಿ ಅಂತ ಅದು ಪೈಲಟ್‌ಗೆ ಕೊಡುವ ಸೂಚನೆ. ಪರದೆಯ ಅಲಾರಂ ಮಾತ್ರ ಆಗಿದ್ದರೆ ಒಬ್ಬನನ್ನು ತಿರುಗಿಸಿ, ಟ್ರಾಫಿಕ್ ಎಲ್ಲಿದೆ ಅಂತ ಇಬ್ಬರಿಗೂ ಹೇಳಿ. ಇಬ್ಬರಲ್ಲೊಬ್ಬ ಪಕ್ಕದ ಸೆಕ್ಟರ್‌ನಲ್ಲಿದ್ದರೆ ನಿಮ್ಮವನನ್ನು ನೀವು ಸರಿಸಿ, ಅವರಿಗೆ ಫೋನ್ ಇನ್ನೊಬ್ಬರು ಮಾಡಲಿ.

ಪೈಲಟ್ ಆರ್‌ಎ ಅಂದ ಮೇಲೆ ಅವನ ಎತ್ತರದ ಬಗ್ಗೆ ಒಂದು ಮಾತೂ ಆಡಬೇಡಿ. ಊಬರ್‌ಲಿಂಗನ್‌ನಲ್ಲಿ ಯಂತ್ರ ಏರು ಅಂದಿತು, ಕಂಟ್ರೋಲರ್ ಇಳಿ ಅಂದ, ಪೈಲಟ್ ಇಳಿದ. ಎದುರಿನ ವಿಮಾನಕ್ಕೆ ಅದರ ಯಂತ್ರ ಇಳಿ ಅಂದಿತ್ತು. ನಮ್ಮಲ್ಲಿ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ಈ ಯಂತ್ರವನ್ನು ಕಡ್ಡಾಯ ಮಾಡಿದರು. ಅದು ಮಾತಾಡುವಾಗ ನಾವು ಸುಮ್ನೆ ಇರಬೇಕು. "ರೋಜರ್" ಅನ್ನಿ. "ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್" ಅಂತ ಅವನು ಹೇಳಿ, ಹಳೆಯ ಲೆವೆಲ್‌ಗೆ ಮರಳಿದ ಮೇಲೆ ಅಥವಾ ನೀವು ಕೊಟ್ಟ ಹೊಸ ಲೆವೆಲ್ ಒಪ್ಪಿದ ಮೇಲೆ ಮತ್ತೆ ಅವನು ನಿಮ್ಮ ಜವಾಬ್ದಾರಿ. ಅಲ್ಲಿಯವರೆಗೆ ಸುತ್ತಲಿನ ಬೇರೆ ವಿಮಾನಗಳನ್ನು ದೂರ ಇಡಿ.

ಎಲ್ಲಾ ತಿಳಿಯಾದ ಮೇಲೆ

ಕುರ್ಚಿ ಬಿಟ್ಟುಕೊಡಿ. ನಾನು ಚೆನ್ನಾಗಿದ್ದೇನೆ ಅನಿಸಿದರೂ ಬಿಟ್ಟುಕೊಡಿ, ಕೈ ನಡುಕ ಹದಿನೈದು ನಿಮಿಷ ಬಿಟ್ಟು ಶುರುವಾಗುತ್ತದೆ. ನೀರು ಕುಡಿದು, ಯಾರ ಜೊತೆಗೂ ಚರ್ಚೆ ಮಾಡುವ ಮುಂಚೆ ನೆನಪಿದ್ದದ್ದನ್ನು ಬರೆದಿಡಿ: ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ, ಯಾವ ಪೊಸಿಷನ್, ಯಾವ ಲೈನ್‌ನಲ್ಲಿ ಮಾತಾಡಿದಿರಿ, ನೀವು ಹೇಳಿದ್ದೇನು, ಆ ಕಡೆಯವರು ತಿರುಗಿ ಹೇಳಿದ್ದೇನು. ಚರ್ಚೆ ಆದ ಮೇಲೆ ನೆನಪು ಬೇರೆಯವರ ಮಾತಿನ ಜೊತೆ ಬೆರೆತುಹೋಗುತ್ತದೆ. ಅಂತರ ಕಮ್ಮಿಯಾಗದೆ ತಪ್ಪಿಸಿಕೊಂಡ ಘಟನೆಗೂ ವರದಿ ಹಾಕಿ. ನನ್ನ 350, 390ರ ರಾತ್ರಿಯಲ್ಲಿ ಯಾವ ಅಂತರವೂ ಮುರಿದಿರಲಿಲ್ಲ, ಆದರೂ ವರದಿ ಹಾಕಿದ ಮೇಲೆ ಆ ಗುಂಯ್ ಅನ್ನುವ ಲೈನ್ ರಿಪೇರಿಯಾಯಿತು. ಡಬ್ಲ್ಯೂಎಸ್‌ಓಗೆ ಹೇಳಿ ಆ ಹೊತ್ತಿನ ರೆಕಾರ್ಡಿಂಗ್ ಎತ್ತಿಡಿಸಿ. ಪಕ್ಕದ ಸೆಕ್ಟರ್‌ನವರಿಗೂ ಫೋನ್ ಮಾಡಿ, ವರದಿ ಹಾಕುತ್ತಿದ್ದೇನೆ ಅಂತ ನೀವೇ ಮೊದಲು ಹೇಳಿ. ಅವರ ಕಡೆಯ ರೆಕಾರ್ಡಿಂಗ್ ಅವರ ಹತ್ತಿರವೇ ಇರುತ್ತದೆ, ಅದು ಅಳಿಸಿಹೋಗುವ ಮುಂಚೆ ಎತ್ತಿಡಬೇಕಾದವರು ಅವರು.